ದೀಪ ದೊಡ್ಡದಾಗ್ತದೆ

ಆ ಯಂತ್ರಕ್ಕೆ ಯಾರೂ ಬೈಯಬೇಡಿ. ಬೈದರೆ ನನಗೆ ಸಿಟ್ಟು ಬರುತ್ತದೆ. ಬೊಂಬಾಯಿಯ ಯಾವುದೋ ಸಂಸ್ಥೆಯ ತಣ್ಣನೆಯ ಕೋಣೆಯಲ್ಲಿ ಕೂತಿದ್ದ ಆ ಕಂಪ್ಯೂಟರ್ ಶಿರ್ತಾಡಿಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಆದರೂ ಶಿರ್ತಾಡಿಯಲ್ಲಿ ಸಂಜೆ ಏಳು ಗಂಟೆಗೆ ಕರೆಂಟು ಹೇಗಿರುತ್ತದೆ ಎಂದು ಮೊದಲ ಸಲ ಸರಿಯಾಗಿಯೇ ಹೇಳಿತು. ಕೆಡಿಸಿದವರು ಮನುಷ್ಯರು. ಅದೂ ಕೆಟ್ಟವರಲ್ಲ, ಒಳ್ಳೆಯ ಮನುಷ್ಯರು. ಕೆಟ್ಟವರಾಗಿದ್ದರೆ ಅಂಗಿ ಹಿಡಿದು ಕೇಳಬಹುದಿತ್ತು.

ಅದು ಅರುವತ್ತೆಂಟನೇ ಇಸವಿ. ನಾನು ವಿದ್ಯುತ್ ಇಲಾಖೆಯಲ್ಲಿ ಮೂಡಬಿದಿರೆಗೆ ಸೆಕ್ಷನ್ ಆಫೀಸರ್. ಹೆಸರು ಕೇಳಿ ದೊಡ್ಡ ಸಾಹೇಬ ಎಂದುಕೊಳ್ಳಬೇಡಿ. ಕರೆಂಟು ಹೋದಾಗ ಊರವರ ಬೈಗಳು ತಿನ್ನುವುದು, ಬಂದಾಗ ಯಾರ ನೆನಪಿಗೂ ಬಾರದೆ ಇರುವುದು, ಇಷ್ಟೇ ಕೆಲಸ. ನಮ್ಮ ಮನೆ ಸಿದ್ಧಕಟ್ಟೆಯಲ್ಲಿ. ಅಕ್ಕ ನೀಲಾವತಿಯನ್ನು ಕೊಟ್ಟದ್ದು ಶಿರ್ತಾಡಿಗೆ, ಶೀನಪ್ಪ ಭಾವನಿಗೆ.

ಭಾವನಿಗೆ ಒಂದು ಕಾಲು ಸಣ್ಣದು. ಚಿಕ್ಕಂದಿನಲ್ಲಿ ಜ್ವರ ಬಂದು ಹಾಗೆ ಆದದ್ದು. ಕೆಸರಿನ ಗದ್ದೆಗೆ ಇಳಿಯಲಿಕ್ಕಿಲ್ಲ, ಹೊರೆ ಹೊರಲಿಕ್ಕಿಲ್ಲ, ಅರ್ಧ ಗಂಟೆ ನಿಂತರೆ ಸೊಂಟ ಹಿಡಿಯುತ್ತದೆ. ಊರವರಿಗೆ ಅವರು ‘ಕುಂಟ ಶೀನ’. ಎದುರಿನಲ್ಲೇ ಹಾಗೆ ಕರೆಯುತ್ತಿದ್ದರು, ಮಹಾನುಭಾವರು. ಶಿರ್ತಾಡಿಗೆ ಕರೆಂಟು ಬಂದ ವರ್ಷ ಭಾವ ಮನೆಯ ಪಕ್ಕದಲ್ಲೇ ಒಂದು ಅಕ್ಕಿ ಮಿಲ್ಲು ಹಾಕಿದರು. ಸ್ವಿಚ್ಚಿನ ಪಕ್ಕ ಒಂದು ಸ್ಟೂಲು. ಅದರ ಮೇಲೆ ಕಾಲು ಚಾಚಿ ಕೂತರೆ ಊರಿನ ಭತ್ತವೆಲ್ಲ ತಾನಾಗಿಯೇ ನಡೆದುಕೊಂಡು ಬರುತ್ತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ‘ಕುಂಟ ಶೀನ’ ಹೋಗಿ ‘ಮಿಲ್ಲಿನ ಶೀನಪ್ಪಣ್ಣ’ ಆದರು. ಅಕ್ಕ ಬಾವಿಕಟ್ಟೆಯಲ್ಲಿ ತಲೆ ಎತ್ತಿ ಮಾತಾಡಲು ಶುರು ಮಾಡಿದ್ದು ಆಮೇಲೆಯೇ.

ಮೊದಮೊದಲು ಮಿಲ್ಲು ಚೆನ್ನಾಗಿ ನಡೆಯಿತು. ಆಮೇಲೆ ಮನೆಮನೆಗೂ ದೀಪ, ತೋಟತೋಟಕ್ಕೂ ಪಂಪು. ಕೊಡುವುದೆಲ್ಲ ಕೊಟ್ಟೆವು, ತಂತಿ ಮಾತ್ರ ಅದೇ ಹಳೆಯ ಸಪೂರ ತಂತಿ. ಮೂಡಬಿದಿರೆಯಿಂದ ಹೊರಟ ಕರೆಂಟು ದಾರಿಯಲ್ಲೇ ಖರ್ಚಾಗಿ, ಕೊನೆಯಲ್ಲಿರುವ ಶಿರ್ತಾಡಿಗೆ ಮುಟ್ಟುವಾಗ ಇನ್ನೂರ ಮೂವತ್ತು ಇರಬೇಕಾದ ವೋಲ್ಟೇಜು ಸಂಜೆ ನೂರ ಅರುವತ್ತಕ್ಕೆ ಬರುತ್ತಿತ್ತು. ವೋಲ್ಟೇಜು ಕಡಿಮೆಯಾದರೆ ಮೋಟಾರು ನಿಧಾನ ತಿರುಗುವುದಲ್ಲ, ಸುಟ್ಟು ಹೋಗುತ್ತದೆ. ಭಾವನ ಮೋಟಾರು ಎರಡು ಸಲ ಸುಟ್ಟಿತು. ಎರಡು ಸಲವೂ ಕಲ್ಲಡ್ಕದ ಇಬ್ರಾಹಿಂ ತಂತಿ ಸುತ್ತಿ ಸರಿಮಾಡಿ ಕೊಟ್ಟ. ಎರಡನೇ ಸಲ ಕೊಡುವಾಗ ಅವನು ಹೇಳಿದ, “ಶೀನಪ್ಪಣ್ಣ, ಬೇಜಾರು ಮಾಡ್ಬೇಡಿ. ಇದರ ಒಳಗೆ ಇನ್ನು ಎಂತದೂ ಇಲ್ಲ. ಮತ್ತೆ ಸುಟ್ಟರೆ ನನ್ನ ಹತ್ತಿರ ತರ್ಬೇಡಿ, ಗುಜರಿಗೆ ಕೊಡಿ.”

ಭಾವ ನನ್ನ ಮುಖ ನೋಡಿದರು. ಅದಕ್ಕೆ ಇದ್ದದ್ದು ಒಂದೇ ಮದ್ದು, ಶಿರ್ತಾಡಿಗೇ ಒಂದು ಬೇರೆ ಟ್ರಾನ್ಸ್‌ಫಾರ್ಮರ್. ಅದನ್ನು ಕೊಡುವುದು ನನ್ನ ಕೈಯಲ್ಲಿ ಇರಲಿಲ್ಲ.

ಆಗಲೇ ಮಂಗಳೂರಿನ ಆಫೀಸಿನಿಂದ ಸುದ್ದಿ ಬಂತು. ಇನ್ನು ಟ್ರಾನ್ಸ್‌ಫಾರ್ಮರ್ ಎಲ್ಲಿಗೆ ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದಂತೆ. ಅದಕ್ಕೆಂದೇ ಪುಣೆಯ ಕಡೆಯ ಒಬ್ಬ ಎಂಜಿನಿಯರು ಬಂದಿದ್ದರು, ದೇವಧರ್ ಎಂದು. ತೆಳ್ಳಗೆ, ಕನ್ನಡಕ, ಬಹಳ ಮರ್ಯಾದಸ್ಥ. ಪುಸ್ತಕ ನೋಡಿ ಕನ್ನಡ ಕಲಿತಿದ್ದರು, ದುಭಾಷಿ ಬೇಡವೇ ಬೇಡ ಎನ್ನುವಷ್ಟು ಅಭಿಮಾನ. ಅವರು ನನಗೆ ಬಿಡಿಸಿ ಹೇಳಿದರು. ಕಂಬ ಎಲ್ಲಿ, ತಂತಿ ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಊರಿನಲ್ಲಿ ಎಷ್ಟು ದೀಪ, ಎಷ್ಟು ಮೋಟಾರು, ಇದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುವುದು. ಅದು ತನ್ನ ಹೊಟ್ಟೆಯೊಳಗೇ ಒಂದು ಮೂಡಬಿದಿರೆ, ಒಂದು ಶಿರ್ತಾಡಿ ಕಟ್ಟಿ, ಕರೆಂಟು ಹರಿಸಿ, ಯಾವ ಊರಿಗೆ ಎಷ್ಟು ಮುಟ್ಟುತ್ತದೆ ಎಂದು ಅಚ್ಚು ಹಾಕಿ ಕೊಡುತ್ತದೆ. ಇಲ್ಲೊಂದು ಟ್ರಾನ್ಸ್‌ಫಾರ್ಮರ್ ಇಟ್ಟರೆ ಹೇಗೆ ಎಂದು ಕೇಳಿದರೆ, ಒಂದು ಕಂಬವನ್ನೂ ನೆಡದೆ ಅದನ್ನೂ ಹೇಳುತ್ತದೆ.

“ಕಂಪ್ಯೂಟರ್ ಪಕ್ಷಪಾತ ಮಾಡುವುದಿಲ್ಲ, ಚಿನ್ನಯ್ಯನವರೇ,” ಎಂದರು.

ನನಗೆ ಬೇಕಾದದ್ದೂ ಅದೇ. ಬಿಸಿಲಲ್ಲಿ ಲೈನಿನ ಉದ್ದಕ್ಕೂ ನಡೆದು ಅಳೆದೆ, ಮನೆಮನೆ ಹತ್ತಿ ದೀಪ ಎಣಿಸಿದೆ. ನಾಯಿಗಳು ಅಟ್ಟಿಸಿಕೊಂಡು ಬಂದದ್ದಕ್ಕೆ ಲೆಕ್ಕವಿಲ್ಲ. ಒಂದು ಸಂಖ್ಯೆಯನ್ನೂ ಭಾವನ ಸಲುವಾಗಿ ಹಿಗ್ಗಿಸಲಿಲ್ಲ. ಹಿಗ್ಗಿಸುವ ಅಗತ್ಯವೇ ಇರಲಿಲ್ಲ ಮಾರಾಯ್ರೆ, ನಿಜವೇ ಅಷ್ಟು ಕೆಟ್ಟದಾಗಿತ್ತು.

ಬೊಂಬಾಯಿಯಿಂದ ಉತ್ತರ ಬಂತು. ದೇವಧರ್ ಉದ್ದದ ಕಾಗದವನ್ನು ನನ್ನ ಮೇಜಿನ ಮೇಲೆ ಹಾಸಿ ಒಂದು ಕಡೆ ಬೆರಳಿಟ್ಟರು. ಶಿರ್ತಾಡಿ, ಸಂಜೆ, ನೂರ ಐವತ್ತೆಂಟು. ನಾನು ಮೀಟರು ಹಿಡಿದು ನೋಡಿದ್ದು ನೂರ ಅರುವತ್ತು! ಎಲ್ಲಿಯ ಬೊಂಬಾಯಿ, ಎಲ್ಲಿಯ ಶಿರ್ತಾಡಿ! ಅದರ ಕೆಳಗಿನ ಸಾಲಿನಲ್ಲಿ ಇತ್ತು, ಶಿರ್ತಾಡಿಗೆ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಇನ್ನೂರ ಇಪ್ಪತ್ತೈದು.

ಅದೇ ಸಂಜೆ ಹೋಗಿ ಭಾವನಿಗೆ ಹೇಳಿದೆ. ಅವರು ಸ್ಟೂಲಿನಿಂದ ಎದ್ದು ಎರಡೂ ಕೈಗಳಿಂದ ನನ್ನ ಕೈ ಹಿಡಿದರು. “ಬೊಂಬಾಯಿಯ ಮಿಷನಿಗೆ ನಮ್ಮ ಕಷ್ಟ ಗೊತ್ತಾಯ್ತಾ ಚಿನ್ನಯ್ಯ? ಇಲ್ಲಿಯವರಿಗೆ ಗೊತ್ತಾಗ್ಲಿಲ್ಲ ನೋಡು!” ಅಕ್ಕ ಹೆಸರುಬೇಳೆ ಪಾಯಸ ಮಾಡಿದಳು. ಮೂವರೂ ಹುಚ್ಚರ ಹಾಗೆ ನಕ್ಕೆವು.

ಮೇಲಿನ ಆಫೀಸಿನವರು ನಗಲಿಲ್ಲ. ನೂರ ಐವತ್ತೆಂಟು ಎಂದರೆ ನಂಬುವ ಮಾತಲ್ಲ ಎಂದರು. ಯಂತ್ರ ತಪ್ಪಿಲ್ಲದಿದ್ದರೆ ಅದಕ್ಕೆ ತಿನ್ನಿಸಿದ್ದು ತಪ್ಪು. ತಿನ್ನಿಸಿದವನು ಯಾರು? ಚಿನ್ನಯ್ಯ. ಶಿರ್ತಾಡಿಯಲ್ಲಿ ಮಿಲ್ಲು ಯಾರದ್ದು? ಚಿನ್ನಯ್ಯನ ಭಾವನದ್ದು. ಮುಗಿಯಿತಲ್ಲ! ದೇವಧರ್ ಸ್ವತಃ ಹೋಗಿ ವಿಚಾರಿಸಬೇಕು, ಚಿನ್ನಯ್ಯ ಜತೆಗೆ ಇರಕೂಡದು ಎಂದು ಹುಕುಂ ಆಯಿತು. ದಿನವಿಡೀ ತಾನಾಗಿ ವೋಲ್ಟೇಜು ಗೀಚಿಡುವ ಮೀಟರು ಇಡೀ ಜಿಲ್ಲೆಗೆ ಒಂದೇ ಇತ್ತು, ಅದು ಕೆಟ್ಟು ರಿಪೇರಿಗೆ ಹೋಗಿತ್ತು. ದೇವಧರ್ ಮಧ್ಯಾಹ್ನ ಕೈಮೀಟರಿನಲ್ಲಿ ನೋಡಿದರು, ಇನ್ನೂರ ಇಪ್ಪತ್ತು ಚಿಲ್ಲರೆ. ಮಧ್ಯಾಹ್ನ ಇರದೆ ಏನು? ಸಂಜೆಯ ಸಂಗತಿಯನ್ನು ಲೈನಿನ ಕಟ್ಟಕಡೆಯ ಮನೆಯವರನ್ನು ಕೇಳಿ ತಿಳಿದುಕೊಂಡರು.

ಕಟ್ಟಕಡೆಯ ಮನೆ ಅನಂತಮತಿ ಅಮ್ಮನವರದ್ದು. ಹಳೆಯ ಜೈನರ ಮನೆ, ಪಕ್ಕದಲ್ಲೇ ಬಸದಿ, ಬಸದಿಯ ಬೀಗದ ಕೈ ಅಮ್ಮನ ಸೊಂಟದಲ್ಲಿ. ಸುಳ್ಳು ಎಂಬುದು ಆ ಬಾಯಿಗೆ ಗೊತ್ತಿಲ್ಲ. ಚಾವಡಿಯಲ್ಲಿ ಒಂದು ಟ್ಯೂಬ್‌ಲೈಟು ಹಾಕಿಸಿದ್ದರು. ವೋಲ್ಟೇಜು ಬಿದ್ದ ಕೂಡಲೇ ಸಾಯುವುದು ಆ ಟ್ಯೂಬ್‌ಲೈಟೇ ಮೊದಲು.

ದೇವಧರ್ ಮೂಡಬಿದಿರೆಯ ಆಫೀಸಿಗೆ ಬಂದಾಗ ಮುಖ ಅರಳಿತ್ತು. “ಚಿನ್ನಯ್ಯನವರೇ, ನಿಮ್ಮ ಲೆಕ್ಕದಲ್ಲಿ ದೋಷವಿದೆ. ನಾನು ಶುದ್ಧ ಕನ್ನಡದಲ್ಲಿಯೇ ವಿಚಾರಿಸಿದೆ. ಪ್ರತಿದಿನ ಸಂಜೆ ಏಳು ಗಂಟೆಗೆ ದೀಪ ದೊಡ್ಡದಾಗುತ್ತದೆ ಎಂದು ಆ ತಾಯಿಯವರೇ ಹೇಳಿದರು. ಅಂದರೆ ವೋಲ್ಟೇಜ್ ಇಳಿಯುವುದಿಲ್ಲ, ಏರುತ್ತದೆ!”

ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ವಿವರಿಸಿದೆ. ಸಾರ್, ನಮ್ಮಲ್ಲಿ ದೀಪ ಆರಿತು, ನಂದಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಅದು ಅಶುಭ. ಅದಕ್ಕೆ ದೀಪ ದೊಡ್ಡದಾಯಿತು ಎನ್ನುವುದು. ದೀಪ ಆರಿಸು ಎನ್ನಲಿಕ್ಕೂ ‘ದೊಡ್ಡದು ಮಾಡು’ ಎಂದೇ ಹೇಳುವುದು. ಅಮ್ಮ ಹೇಳಿದ್ದು ಏಳು ಗಂಟೆಗೆ ಟ್ಯೂಬ್‌ಲೈಟು ಆರಿಹೋಗುತ್ತದೆ ಎಂದು.

ದೇವಧರ್ ಚೀಲದಿಂದ ಸಣ್ಣ ನಿಘಂಟು ತೆಗೆದರು. ನೋಡಿದರು. ಮುಚ್ಚಿದರು. “ದೊಡ್ಡದು ಎಂದರೆ ಸಣ್ಣದು ಎಂದು ಎಲ್ಲಿಯೂ ಇಲ್ಲ.”

“ಪುಸ್ತಕದಲ್ಲಿ ಇಲ್ಲ ಸಾರ್, ಮನೆಯಲ್ಲಿ ಉಂಟು.”

“ಚಿನ್ನಯ್ಯನವರೇ, ನಿಮ್ಮ ಭಾವನವರ ಮಿಲ್ಲು ಅಲ್ಲಿರದಿದ್ದರೆ ನಾನು ನಂಬುತ್ತಿದ್ದೆ.” ಮೆಲ್ಲಗೇ ಹೇಳಿದರು. ಕೆನ್ನೆಗೆ ಬಾರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನನ್ನ ಮುಖ ನೋಡಿ ಅವರಿಗೇ ಪಾಪ ಅನಿಸಿರಬೇಕು. “ಆಗಲಿ, ನಾಳೆ ಇಬ್ಬರೂ ಹೋಗೋಣ. ಇನ್ನೊಮ್ಮೆ ಕೇಳುತ್ತೇನೆ. ಆದರೆ ನೀವು ಬಾಯಿ ತೆರೆಯಕೂಡದು. ತೆರೆದರೆ ಅದು ಹೇಳಿಕೊಟ್ಟ ಸಾಕ್ಷಿಯಾಗುತ್ತದೆ.” ನಾನು ಒಪ್ಪಿದೆ. ಅನಂತಮತಿ ಅಮ್ಮನ ಮೇಲೆ ನನಗೆ ಅಷ್ಟು ನಂಬಿಕೆ.

ಮರುದಿನ ನಾವು ಮುಟ್ಟುವಾಗ ಅಮ್ಮನ ಮನೆಯಲ್ಲಿ ಊಟ ಮುಗಿಯುವ ಹೊತ್ತು. ಜೈನರಲ್ಲವೇ, ಹೊತ್ತು ಕಂತುವ ಮೊದಲೇ ಉಣ್ಣುವವರು. ಸೊಸೆ ಪ್ರಭಾವತಿ ಹಿತ್ತಾಳೆಯ ದೀಪ ತೊಳೆದು ಬತ್ತಿ ಹಾಕುತ್ತಿದ್ದಳು, ತುಂಬಿದ ಬಸುರಿ. ಅಮ್ಮ ನಮಗೆ ಬೆಲ್ಲ ನೀರು ಕೊಟ್ಟು ಕೂರಿಸಿದರು.

ದೇವಧರ್ ಮೇಲಕ್ಕೆ ಕೈ ತೋರಿಸಿದರು. “ತಾಯಿ, ಏಳು ಗಂಟೆಗೆ ಈ ಟ್ಯೂಬ್‌ಲೈಟಿಗೆ ಏನಾಗುತ್ತದೆ?”

“ಮೊನ್ನೆಯೇ ಹೇಳಿದೆನಲ್ಲ ಸ್ವಾಮಿ, ದೊಡ್ಡದಾಗ್ತದೆ.”

“ಎಷ್ಟು ದೊಡ್ಡದು? ಸ್ವಲ್ಪವೇ, ಬಹಳವೇ?”

ಅಮ್ಮನಿಗೆ ಆಶ್ಚರ್ಯ. “ಸ್ವಲ್ಪ ದೊಡ್ಡದಾಗುವುದು ಅಂತ ಉಂಟಾ? ಪೂರಾ ದೊಡ್ಡದಾಗ್ತದೆ.”

ನಾನು ನಾಲಿಗೆ ಕಚ್ಚಿಕೊಂಡು ಕೂತೆ. ದೇವಧರ್ ನ್ಯಾಯವಂತರು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನನ್ನ ಕಡೆಗೊಮ್ಮೆ ನೋಡಿ ನೇರವಾಗಿಯೇ ಕೇಳಿದರು, “ಹಾಗಾದರೆ ತಾಯಿ, ನಿಮ್ಮ ಮನೆಯಲ್ಲಿ ದೀಪ ಆರಿಹೋಗುತ್ತದೆಯೇ?”

ಪ್ರಭಾವತಿಯ ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು. ಅಮ್ಮ ಎದ್ದೇ ನಿಂತರು. “ಛೆ ಛೆ ಛೆ! ಬಿಡ್ತು ಅನ್ನಿ! ಮುಸ್ಸಂಜೆ ಹೊತ್ತು, ಬಸುರಿ ಹೆಂಗಸು ಎದುರಿಗೆ ಕೂತಿದ್ದಾಳೆ, ಎಂಥ ಮಾತು ಆಡ್ತೀರಿ? ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ ಸ್ವಾಮಿ. ನಮ್ಮ ಅಜ್ಜನ ಕಾಲದಿಂದ ಆರ್ಲಿಲ್ಲ, ಇನ್ನು ಮುಂದೆಯೂ ಆರ್ಲಿಕ್ಕಿಲ್ಲ!”

ದೇವಧರ್ ಕೈಮುಗಿದು “ಬಿಡ್ತು” ಎಂದರು. ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಗೆದ್ದ ಸಂತೋಷ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಇದ್ದದ್ದು ಕನಿಕರ.

ನನಗೆ ತಡೆಯಲಿಕ್ಕಾಗಲಿಲ್ಲ. “ಅಮ್ಮಾ, ನಿಮ್ಮ ಕಾಲು ಹಿಡೀತೇನೆ, ಒಂದು ಸಲ ಬಾಯಿಬಿಟ್ಟು ಹೇಳಿ! ಟ್ಯೂಬ್‌ಲೈಟು ಆರ್ತದೆ ಅಂತ ಹೇಳಿ!”

“ಚಿನ್ನಯ್ಯ! ಇವರು ಪರವೂರಿನವರು, ಗೊತ್ತಿಲ್ಲ. ನಿನಗೆ ಏನಾಗಿದೆ? ನಿನ್ನ ತಾಯಿ ಹೀಗೆ ಕಲಿಸಿದ್ದಾ?” ಎಂದರು ಅಮ್ಮ.

ಅಂಗಳದಲ್ಲಿ ದೇವಧರರ ಹಿಂದೆ ಹಿಂದೆ ಓಡಿದೆ. “ಸಾರ್, ಇನ್ನು ಒಂದು ಗಂಟೆ ನಿಲ್ಲಿ. ನಿಮ್ಮ ಕಣ್ಣಿನಲ್ಲೇ ನೋಡಿ ಹೋಗುವ.” ಅವರು ಗಡಿಯಾರ ನೋಡಿದರು. ಮಂಗಳೂರಿಗೆ ಕೊನೆಯ ಬಸ್ಸು ಹಿಡಿಯಬೇಕು, ಬೆಳಿಗ್ಗೆ ಕಾರ್ಡುಗಳು ಬೊಂಬಾಯಿಗೆ ಹೊರಡಬೇಕು, ಯಂತ್ರದಲ್ಲಿ ನಮ್ಮ ಇಲಾಖೆಗೆ ಸಿಕ್ಕಿದ ಸಮಯ ಅಷ್ಟೇ. “ಮತ್ತು ನೀವು ಕೂಗಾಡಿದ ಮೇಲೆ ಈ ಊರಿನಲ್ಲಿ ಇವತ್ತು ನಾನು ಏನು ಕಂಡರೂ ಅದು ಪ್ರಮಾಣವಾಗುವುದಿಲ್ಲ. ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ, ಇದನ್ನು ಇಲ್ಲಿಗೇ ಬಿಡಿ.” ಬಸ್ಸು ಬಂತು, ಹತ್ತಿದರು. ಏಳು ಗಂಟೆಗೆ ಶಿರ್ತಾಡಿಯ ದೀಪಗಳೆಲ್ಲ ಕೆಂಪಗಾದವು, ಅಮ್ಮನ ಚಾವಡಿ ಕತ್ತಲಾಯಿತು. ನೋಡಲಿಕ್ಕೆ ನಾನೊಬ್ಬ ಇದ್ದೆ. ನನ್ನ ಕಣ್ಣಿಗೆ ಬೆಲೆ ಇಲ್ಲ.

ಮೇಲಿನವರಿಗೆ ಬರೆದೆ. ಭಾವನ ಮಿಲ್ಲಿನ ವಿಷಯ ನೆನಪಿಸಿ ಒಂದು ಎಚ್ಚರಿಕೆ ಬಂತು. ಅನಂತಮತಿ ಅಮ್ಮನಿಗೆ ಆಮೇಲೆ ಕೂತು ತಿಳಿಸಿ ಹೇಳಿದೆ. “ಅಯ್ಯೋ ದೇವರೇ, ನನ್ನಿಂದ ಶೀನಪ್ಪನಿಗೆ ಕೇಡಾಯ್ತಾ?” ಎಂದು ಕಣ್ಣೀರು ಹಾಕಿದರು. ಹಾಗಾದರೆ ಆಫೀಸಿಗೆ ಬಂದು ಆ ಒಂದು ಮಾತು ಹೇಳಿ ಎಂದರೆ ತಲೆ ಆಡಿಸಿದರು. “ಮಗು, ಬೇರೆ ಏನು ಬೇಕಾದರೂ ಕೇಳು. ಸೊಸೆಗೆ ತಿಂಗಳು ತುಂಬುವ ಹೊತ್ತು. ಆ ಶಬ್ದ ನನ್ನ ಬಾಯಿಂದ ಬರುವುದಿಲ್ಲ.” ಬೈಯಲಾ? ಹೇಗೆ ಬೈಯಲಿ?

ಎರಡನೇ ಸಲ ಯಂತ್ರಕ್ಕೆ ಶಿರ್ತಾಡಿಯ ಲೋಡನ್ನು ಅರ್ಧಕ್ಕಿಂತ ಕಡಿಮೆ ಮಾಡಿ ತಿನ್ನಿಸಿದರು. ನಾನು ಎಣಿಸಿದ ದೀಪ, ಮೋಟಾರು, ಭಾವನ ಮಿಲ್ಲು ಕೂಡ, ಎಲ್ಲ ಸುಳ್ಳು ಎಂದು ಹೊಡೆದು ಹಾಕಿದರು. ಯಂತ್ರ ಪಾಪ, ಕೊಟ್ಟದ್ದನ್ನು ತಿಂದು ಹೇಳಿತು, ಶಿರ್ತಾಡಿಯಲ್ಲಿ ವೋಲ್ಟೇಜು ಜಾಸ್ತಿ, ಇನ್ನೂರ ನಲವತ್ತರ ಮೇಲೆ. ಮೂಡಬಿದಿರೆಯ ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿಸಿ ಇಳಿಸುವ ಹಿಡಿಕೆ, ಅದೇ ಟ್ಯಾಪು, ಕೆಳಗೆ ಮಾಡಿ ಕಡಿಮೆ ಕಳಿಸಿದರೆ ಇನ್ನೂರ ಇಪ್ಪತ್ತಾರಕ್ಕೆ ಬಂದು ಸರಿಯಾಗುತ್ತದೆ. ನಮಗೆಂದು ಇಟ್ಟಿದ್ದ ಟ್ರಾನ್ಸ್‌ಫಾರ್ಮರ್ ಲಾರಿ ಹತ್ತಿ ಬೆಳ್ತಂಗಡಿಗೆ ಹೋಯಿತು. ಟ್ಯಾಪು ಕೆಳಗೆ ಮಾಡುವ ಹುಕುಂ ನನಗೆ ಬಂತು.

ಮಾಡಿದೆ. ಮಾಡದೆ ಏನು ಮಾಡಲಿ? ನಾನು ಮಾಡದಿದ್ದರೆ ಇನ್ನೊಬ್ಬ ಬಂದು ಮಾಡುತ್ತಿದ್ದ, ನನ್ನ ಜಾಗದಲ್ಲಿ. ಹಿಡಿಕೆ ತಿರುಗಿಸಿ ಬೀಗ ಹಾಕಿದೆ. ಅಲ್ಲಿಂದ ಸೈಕಲ್ ತುಳಿದುಕೊಂಡು ಸೀದಾ ಶಿರ್ತಾಡಿಗೆ ಹೋದೆ.

“ಭಾವ, ಮಿಲ್ಲು ಹಾಕ್ಬೇಡಿ. ಸಂಜೆಗೆ ಮಾತ್ರ ಅಂತ ಅಲ್ಲ, ಹಗಲಿಗೂ ಹಾಕ್ಬೇಡಿ.”

ಹೊರಗೆ ಜನ ಭತ್ತ ತುಂಬಿದ ಹುಲ್ಲಿನ ಮುಡಿ ಇಟ್ಟುಕೊಂಡು ಕೂತಿದ್ದರು. ಮಿಲ್ಲು ಕೆಲವು ದಿನದಿಂದ ನಿಂತು ನಿಂತು ನಡೆಯುತ್ತಿದ್ದುದರಿಂದ ಹಲವರು ಆಗಲೇ ಬೇರೆ ಕಡೆ ಹೋಗಲು ಶುರು ಮಾಡಿದ್ದರು. ಭಾವ ಅವರನ್ನು ನೋಡಿದರು, ನನ್ನನ್ನು ನೋಡಿದರು. “ಇಷ್ಟು ಜನ ಬಂದು ಕೂತಿದ್ದಾರೆ. ವಾಪಸು ಕಳಿಸಿದರೆ ಮತ್ತೆ ಬರ್ಲಿಕ್ಕಿಲ್ಲ ಮಾರಾಯ. ಒಮ್ಮೆ ನೋಡುವ.”

“ಭಾವ, ಬೇಡ!”

“ಬೆಲ್ಟಿಗೆ ಕೈ ಕೊಡಿ,” ಎಂದು ಇಬ್ಬರನ್ನು ಕರೆದರು. ಅವರು ಬೆಲ್ಟು ಹಿಡಿದು ಎಳೆದು ಚಕ್ರಕ್ಕೆ ವೇಗ ಕೊಟ್ಟರು, ಭಾವ ಸ್ವಿಚ್ಚು ಹಾಕಿದರು. ಮೋಟಾರು ಹೂಂ ಎಂದು ನರಳಿತು. ಇನ್ನೊಮ್ಮೆ ಎಳೆದರು. ಅರ್ಧ ಸುತ್ತು ಬಂದು ನಿಂತಿತು. ನಾನು ಹಾರಿ ಸ್ವಿಚ್ಚು ತೆಗೆಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿದಿತ್ತು. ಭಾವ ಸ್ಟೂಲಿನ ಮೇಲೆ ಕೂತು, ಬಿಸಿ ಮೋಟಾರಿನ ಮೇಲೆ ಅಂಗೈ ಇಟ್ಟು ಹಾಗೆಯೇ ಇದ್ದರು. ಕೈ ಸುಡುವುದು ಅವರಿಗೆ ಗೊತ್ತಾಗಲಿಲ್ಲ. ಅಕ್ಕ ಬಂದು ಕೈ ಎತ್ತಿ ತೆಗೆದಳು.

ಜನ ಒಬ್ಬೊಬ್ಬರಾಗಿ ಮುಡಿ ಹೊತ್ತು ಹೊರಟರು. ಹಳೆಯ ಹೆಸರಿನಿಂದ ಕರೆಯಲು ಅವರಿಗೆ ಒಂದು ವಾರ ಬೇಕಾಯಿತು, ಅಷ್ಟು ಮರ್ಯಾದೆ ಇತ್ತು ಅವರಿಗೆ.

ಮಳೆ ಹಿಡಿಯುವ ಮೊದಲು ಭಾವ ಬೊಂಬಾಯಿಗೆ ಹೋದರು. ಪರಿಚಯದವರ ಹೋಟೆಲಿನಲ್ಲಿ ಕೆಲಸ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸವಲ್ಲ, ತಟ್ಟೆ ತೊಳೆಯುವುದು. ಅರ್ಧ ಗಂಟೆ ನಿಂತರೆ ಸೊಂಟ ಹಿಡಿಯುವ ಮನುಷ್ಯ ಬೆಳಗಿನಿಂದ ರಾತ್ರಿವರೆಗೆ ನಿಂತು ತಟ್ಟೆ ತೊಳೆಯುವುದು. ಬಸ್ಸು ಹತ್ತುವಾಗ ನಾನು ಕೈಕೊಡಲು ಹೋದೆ. “ಬೇಡ,” ಎಂದರು. ಅದು ಸಿಟ್ಟಿನ ಮಾತಾಗಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಜೋರು ಮಳೆಯ ತಿಂಗಳಲ್ಲಿ ದೇವಧರ್ ಮತ್ತೆ ಬಂದರು. ಯಂತ್ರದ ಲೆಕ್ಕ ನಿಜವಾಯಿತೇ ಎಂದು ನೋಡಿ ಮೇಲಕ್ಕೆ ತಿಳಿಸಬೇಕು. ಈ ಸಲ ಜೀಪು ತಂದಿದ್ದರು, ರಿಪೇರಿಯಾದ ಮೀಟರೂ ಇತ್ತು. “ಹೋದ ಸಲ ನಿಮ್ಮ ಮಾತಿನಂತೆ ನಿಲ್ಲಲಿಲ್ಲ. ಈ ಸಲ ಏಳು ಗಂಟೆಯವರೆಗೆ ನಿಲ್ಲುತ್ತೇನೆ. ಓದುವವರು ನೀವೇ,” ಎಂದರು.

ಅನಂತಮತಿ ಅಮ್ಮನ ಚಾವಡಿಯಲ್ಲೇ ಮೀಟರು ಇಟ್ಟೆವು. ಒಳಗಿನಿಂದ ಪ್ರಭಾವತಿಯ ಮಗು ಅಳುವುದು ಕೇಳುತ್ತಿತ್ತು. ಏಳು ಗಂಟೆಯಾಯಿತು. ಟ್ಯೂಬ್‌ಲೈಟು ಅಲ್ಲಾಡದೆ ಉರಿಯುತ್ತಿತ್ತು. ಮಳೆಗಾಲ, ತೋಟದ ಪಂಪು ಒಂದೂ ಇಲ್ಲ. ಭಾರದ ಮೋಟಾರೆಂದು ಆ ಊರಿನಲ್ಲಿ ಇದ್ದದ್ದು ಒಂದು ಮಿಲ್ಲು, ಅದರ ಬಾಗಿಲಿಗೆ ಬೀಗ. ಕರೆಂಟು ಎಳೆಯುವವರೇ ಇಲ್ಲದಿದ್ದರೆ ವೋಲ್ಟೇಜು ಯಾಕೆ ಬೀಳುತ್ತದೆ?

“ಓದಿ,” ಎಂದರು ದೇವಧರ್.

“ಇನ್ನೂರ ಇಪ್ಪತ್ತಾರು.”

ಅವರು ಕುರ್ಚಿಯಿಂದ ಎದ್ದುಬಿಟ್ಟರು. “ಎಷ್ಟು? ಇನ್ನೊಮ್ಮೆ ಹೇಳಿ!”

“ಇನ್ನೂರ ಇಪ್ಪತ್ತಾರು ಸಾರ್.”

“ಕಂಪ್ಯೂಟರ್ ಹೇಳಿದ್ದೇ! ಒಂದು ವೋಲ್ಟ್ ಆಚೆ ಈಚೆ ಇಲ್ಲ!” ನನ್ನ ಬೆನ್ನು ತಟ್ಟಿದರು. ಕಣ್ಣಲ್ಲಿ ನೀರು ಬರುವಷ್ಟು ಸಂತೋಷ ಅವರಿಗೆ. ಮಿಲ್ಲು ನಿಂತಿದೆ ಸಾರ್, ಅದಕ್ಕೇ ಹೀಗೆ ಎಂದೆ. “ನಾವು ಆ ಮಿಲ್ಲನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲವಲ್ಲ,” ಎಂದರು, ಅದರಿಂದ ತಮ್ಮ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು ಎಂಬ ಧಾಟಿಯಲ್ಲಿ. ನಾನು ಮೀಟರಿನ ತಂತಿ ಸುತ್ತಿದೆ.

ಜೀಪು ಹೋಯಿತು. ಅಕ್ಕ ಕೊಡೆ ಹಿಡಿದು ಅಂಗಳದ ತುದಿಯಲ್ಲಿ ಬಂದು ನಿಂತಿದ್ದಳು.

“ಸಾಹೇಬರು ಏನು ಹೇಳಿದರು ಚಿನ್ನಯ್ಯ? ಬಹಳ ಖುಷಿಯಲ್ಲಿ ಇದ್ದರಲ್ಲ.”

“ಕರೆಂಟು ಸರಿ ಉಂಟಂತೆ ಅಕ್ಕ.”

“ಹೌದಾ?” ಎಂದಳು. ಕೊಡೆ ಓರೆಯಾಗಿ ಮಳೆ ಅವಳ ಭುಜದ ಮೇಲೆ ಸುರಿಯಿತು, ಅವಳಿಗೆ ಪರಿವೆಯೇ ಇರಲಿಲ್ಲ. “ನಾನೂ ನೋಡ್ತಿದ್ದೇನೆ, ದೀಪ ಈಗ ಎಷ್ಟು ಚೆನ್ನಾಗಿ ಉರೀತದೆ. ಹಾಗಾದರೆ ಇವರಿಗೆ ಬರ್ಲಿಕ್ಕೆ ಬರೆಯಲಾ? ಬಂದು, ಸಾಲ ಮಾಡಿಯಾದರೂ ಬೇರೆ ಮೋಟಾರು ಹಾಕಿ ಮಿಲ್ಲು ಶುರು ಮಾಡ್ಲಿ.”

ನಾನು ಓರೆಯಾದ ಕೊಡೆಯನ್ನು ಹಿಡಿದು ನೆಟ್ಟಗೆ ಮಾಡಿದೆ.

“ಬರೆಯಲಾ ಮಗಾ?” ಎಂದು ಅಕ್ಕ ಮತ್ತೆ ಕೇಳಿದಳು.